ಇಸ್ತ್ರಿ ಗುರುತಿನ ಮಣೆ

ನನ್ನ ಗಂಡನಿಗೆ ತಲೆ ಸರಿಯಿಲ್ಲ ಎಂದು ನಾನೇ ಕೈಯಾರೆ ಬರೆದುಕೊಟ್ಟೆ. ಛಾಪಾ ಕಾಗದದ ಮೇಲೆ, ಎರಡು ಕಡೆ ರುಜು ಹಾಕಿ, ಸಾಲದು ಅಂತ ಹೆಬ್ಬೆಟ್ಟನ್ನೂ ಒತ್ತಿ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಹೀಗೆ ಬರೆದುಕೊಡುವುದುಂಟೇ ಎಂದು ನಮ್ಮ ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಇಟ್ಟುಕೊಳ್ಳಲಿ. ಅವರ ಮೂಗು, ಅವರ ಬೆರಳು. ಅವರ ಗಂಡಂದಿರಿಗೇನು ಏಳು ವರ್ಷ ಜೈಲಾಗಿರಲಿಲ್ಲವಲ್ಲ.

ನನ್ನ ಯಜಮಾನರ ಹೆಸರು ಬೋರಲಿಂಗಯ್ಯ. ಮಣೆ ಕಚೇರಿಯಲ್ಲಿ ಅಮೀನರಾಗಿದ್ದವರು. ಮೇಲುಪೇಟೆಯ ಅಷ್ಟೂ ಮನೆಗಳು ಅವರ ಪಾಲಿಗೆ. ನಮ್ಮೂರಿನಲ್ಲಿ ಕಡವು ದಾಟಿ ಆಚೆ ದಡಕ್ಕೆ ಹೋದವರು ಕಾಗದ ಬರೆಯುವುದಿಲ್ಲ, ಬರೆದರೂ ಅದು ಈಚೆ ಬರುವುದಿಲ್ಲ. ದೋಣಿ ಹೋಗುವಾಗ ತುಂಬಿರುತ್ತದೆ, ಬರುವಾಗ ಅಂಬಿಗನೊಬ್ಬನೇ. ಹೊರಡುವ ದಿನ ಅವರು ಯಾವ ಮಣೆಯ ಮೇಲೆ ಕೂತು ಉಂಡರೋ ಆ ಮಣೆಯನ್ನು ಮನೆಯವರು ಒಳಕೋಣೆಯಲ್ಲಿ ಬಿಡುತ್ತಾರೆ. ಹೋದವರ ಉಸಿರಿರುವ ತನಕ ಅದು ಈಗ ತಾನೆ ಎದ್ದು ಹೋದ ಹಾಗೆ ಬಿಸಿಯಾಗಿರುತ್ತದೆ. ಉಸಿರು ನಿಂತ ದಿನ ತಣ್ಣಗಾಗುತ್ತದೆ. ವರ್ಷಕ್ಕೊಮ್ಮೆ ಅಮೀನರು ಬಂದು, ಅಂಗೈ ಇಟ್ಟು ನೋಡಿ, 'ಬಿಸಿ ಇದೆ' ಅಂತಲೋ 'ತಣ್ಣಗಿದೆ' ಅಂತಲೋ ಚೀಟಿ ಬರೆದು ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ತಣ್ಣಗಿದ್ದರೆ ಮಣೆಯನ್ನು ನೀರಿಗೆ ಬಿಟ್ಟು ಸೂತಕ ಹಿಡಿಯುವುದು.

ಮನೆಯವರು ಮಾತ್ರ ಮನೆಯ ಮಣೆ ಮುಟ್ಟಕೂಡದು. ಯಾಕೆ ಅಂತ ಹೊಸದಾಗಿ ಮದುವೆಯಾಗಿ ಬಂದಾಗ ನಮ್ಮತ್ತೆಯನ್ನು ಕೇಳಿದ್ದೆ. "ಮುಟ್ಟಬಾರ್ದು ಅಂದ್ರೆ ಮುಟ್ಟಬಾರ್ದು, ಅದಕ್ಕೇನೇ ಕಾರಣ?" ಅಂದು ಬಾಯಿ ಮುಚ್ಚಿಸಿದ್ದರು. ಅಮೀನರ ಮನೆಗೂ ಅದೇ ಕಾನೂನು. ನಮ್ಮ ಮನೆಯ ಮಣೆ ನೋಡಲು ಕೆಳಪೇಟೆಯ ಅಮೀನರು ಬರಬೇಕು.

ನಮ್ಮ ಮನೆಯ ಮಣೆ ಅಂದರೆ ನಮ್ಮ ವೇಣಿಯದು. ನಮಗಿದ್ದವಳು ಅವಳೊಬ್ಬಳೇ. ಆಚೆ ದಡದಲ್ಲಿ ಗಾಜಿನ ಕೆಲಸ ಕಲಿಸುತ್ತಾರಂತೆ ಎಂದು ಯಾರೋ ಅವಳ ಕಿವಿಯಲ್ಲಿ ಊದಿದ್ದರು. ಇಪ್ಪತ್ತೆರಡು ವರ್ಷದ ಹುಡುಗಿಗೆ ಅದೇ ಗುಂಗು. ನಾನು ಅತ್ತು ಕರೆದೆ, ಬೈದೆ, ಎರಡು ದಿನ ಮಾತು ಬಿಟ್ಟೆ. ಅವರಪ್ಪ "ಹೋಗಲಿ ಬಿಡೆ, ಕಟ್ಟಿ ಹಾಕೋಕೆ ಅದೇನು ಕರುವಾ" ಅಂದರು. ಹೋಗುವ ದಿನ ಅಕ್ಕಿರೊಟ್ಟಿ ತಟ್ಟಿ ಹುಚ್ಚೆಳ್ಳು ಚಟ್ನಿ ಮಾಡಿದ್ದೆ. ಒಂದೂವರೆ ರೊಟ್ಟಿ ತಿಂದು "ಸಾಕಮ್ಮ, ದೋಣಿ ಬಿಡ್ತಾರೆ" ಅಂತ ಎದ್ದುಬಿಟ್ಟಳು. ಅವಳು ಕೂತಿದ್ದ ಮಣೆಯ ಒಂದು ಮೂಲೆಯಲ್ಲಿ ಕಪ್ಪು ಗುರುತಿದೆ. ಹೈಸ್ಕೂಲಿನಲ್ಲಿದ್ದಾಗ ಲಂಗ ಇಸ್ತ್ರಿ ಮಾಡುತ್ತಾ ಮಾತಿನಲ್ಲಿ ಮೈಮರೆತು ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟುಬಿಟ್ಟಿದ್ದಳು. ಅವತ್ತು ತಲೆಗೊಂದು ಮೊಟಕಿದ್ದೆ. ಆ ಅರ್ಧ ರೊಟ್ಟಿಯನ್ನು ಎಸೆಯಲು ಮನಸ್ಸು ಬಾರದೆ ನಾನೇ ತಿಂದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಕೋರ್ಟಿನಲ್ಲಿ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವೇಣಿ ಹೋಗಿ ವರ್ಷ ತುಂಬಿದ ದಿನ ಬೆಳಿಗ್ಗೆಯೇ ಬಾಗಿಲು ಸಾರಿಸಿ ರಂಗೋಲಿ ಇಟ್ಟು ಕೆಳಪೇಟೆಯ ಅಮೀನರಿಗೆ ಕಾದು ಕೂತೆ. ಅವರಿಗೆ ಸರ್ಪಸುತ್ತು ಎದ್ದಿದೆ, ಹದಿನೈದು ದಿನ ಬರುವುದಿಲ್ಲ ಎಂದು ಸುದ್ದಿ ಬಂತು. ಹದಿನೈದು ದಿನ! ನನಗೆ ಹದಿನೈದು ಗಳಿಗೆ ತಡೆಯುವ ಶಕ್ತಿಯಿರಲಿಲ್ಲ. ಇವರ ಪ್ರಾಣ ತಿಂದೆ. "ಊರವರ ಮಣೆಯೆಲ್ಲ ನೋಡ್ತೀರಿ, ಹೆತ್ತ ಮಗಳದು ನೋಡೋಕೆ ಏನ್ರೀ ಧಾಡಿ? ಯಾರಿಗೆ ಗೊತ್ತಾಗುತ್ತೆ?" ಅಂದೆ. "ಬೇಡ ಕಣೆ, ಕಾನೂನಿದೆ" ಅಂದರು. ನಾನು ಅಳಲು ಕೂತೆ. ಅಳುವ ಹೆಂಗಸಿನ ಮುಂದೆ ಇವರು ಯಾವತ್ತೂ ಗೆದ್ದವರಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಬಂದು, ಪಂಚೆಯ ತುದಿಗೆ ಅಂಗೈ ಒರೆಸಿಕೊಳ್ಳುತ್ತಾ "ಬಿಸಿ ಇದೆ" ಅಂದರು.

ನನಗೆ ಕುಣಿಯುವುದೊಂದು ಬಾಕಿ. ಆಗಲೇ ಒಲೆಯ ಮೇಲೆ ಬೇಳೆ ಹಾಕಿ ಒಬ್ಬಟ್ಟು ಮಾಡಿದೆ. ಇವರು ಮೂರು ತಿಂದರು. "ಇನ್ನೊಂದು ಹಾಕು" ಅಂತ ಕೇಳಿ ಹಾಕಿಸಿಕೊಂಡರು. ಹದಿನೈದು ದಿನದ ಮೇಲೆ ಕೆಳಪೇಟೆಯ ಅಮೀನರು ಬಂದಾಗಲೂ, ಮಾರನೆಯ ವರ್ಷ ಬಂದಾಗಲೂ "ಆಯ್ತು ಬಿಡಿ, ನೋಡಿಸಿದೀವಿ" ಅಂತ ಇವರೇ ಬಾಗಿಲಲ್ಲಿ ನಿಂತು ಸಾಗಹಾಕಿದರು. ಹಾಗೇ ಒಂಬತ್ತು ವರ್ಷ ನಡೆಯಿತು. ಪ್ರತಿ ವರ್ಷವೂ 'ಬಿಸಿ ಇದೆ', ಪ್ರತಿ ವರ್ಷವೂ ಒಬ್ಬಟ್ಟು.

ಹತ್ತನೆಯ ವರ್ಷ ಇವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದರು. ಇವರ ಜಾಗಕ್ಕೆ ವಸುಮತಿ ಅಂತ ಹೊಸ ಅಮೀನಳು ಬಂದಳು. ನಗುವುದು ಗೊತ್ತಿಲ್ಲದ ಹೆಣ್ಣು. ಯಾರ ಮನೆಯಲ್ಲೂ ಒಂದು ಲೋಟ ಮಜ್ಜಿಗೆ ಕೂಡ ಮುಟ್ಟುತ್ತಿರಲಿಲ್ಲ. ಮೇಲುಪೇಟೆಯಲ್ಲಿ ಅವಳು ನೋಡಿದ ಮಣೆಗಳಲ್ಲಿ ಹನ್ನೊಂದು ತಣ್ಣಗಿದ್ದವು. ಒಂದು ವರ್ಷದಲ್ಲಿ ಹನ್ನೊಂದು ಜನ ಸತ್ತರೇ? ಕಚೇರಿಯವರು ಇನ್ನಿಬ್ಬರು ಅಮೀನರನ್ನು ಕಳಿಸಿ ಮತ್ತೆ ನೋಡಿಸಿದರು. ಕೆಲವು ಮಣೆಗಳಿಗೆ ಗೆದ್ದಲು ಹತ್ತಿತ್ತು. ಬಿಸಿ ಮಣೆಗೆ ಗೆದ್ದಲು ಹತ್ತುವುದಿಲ್ಲ ಅಂತ ಯಾರಿಗೆ ಗೊತ್ತಿಲ್ಲ? ಒಳ್ಳೆಯ ಸುದ್ದಿ ಹೇಳಿದ ಅಮೀನರಿಗೆ ಜನ ಖುಷಿಯಿಂದ ಪಂಚೆ, ತೆಂಗಿನಕಾಯಿ ಕೊಡುವುದು ವಾಡಿಕೆ. ಅದನ್ನೇ ಹಿಡಿದು, ಆಸೆಗೆ ಬಿದ್ದು, ಸತ್ತವರನ್ನು ಬದುಕಿದ್ದಾರೆ ಅಂದ, ವಂಚನೆ ಮಾಡಿದ ಅಂತ ಕೇಸು ಹಾಕಿದರು. ಇವರು ಕಟಕಟೆಯಲ್ಲಿ ನಿಂತು "ನನ್ನ ಕೈಗೆ ಬಿಸಿ ಅನ್ನಿಸ್ತು, ಬರೆದೆ" ಅಂದದ್ದು ಬಿಟ್ಟರೆ ತುಟಿ ಬಿಚ್ಚಲಿಲ್ಲ. ಏಳು ವರ್ಷ ಶಿಕ್ಷೆಯಾಯಿತು. ಅರವತ್ತೊಂದು ತುಂಬಿದ ಮನುಷ್ಯನಿಗೆ ಏಳು ವರ್ಷ ಅಂದರೆ ಏನರ್ಥ ಅಂತ ನನಗೆ ತಿಳಿಯದೇ ಇರಲಿಲ್ಲ.

ಅವರಿಲ್ಲದ ಮನೆಯ ಬಗ್ಗೆ ಏನು ಹೇಳಲಿ. ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಏನು ಮಾಡಬೇಕೆಂದು ತೋಚದೆ ನಿಂತಿರುತ್ತಿದ್ದೆ. ಸ್ನಾನ ಮಾಡುವಾಗ ಅವರು ಮೂಗಿನಲ್ಲಿ ಒಂದು ರಾಗ ಎಳೆಯುತ್ತಿದ್ದರು, ತಲೆಬುಡವಿಲ್ಲದ್ದು. ಮೂವತ್ತೆಂಟು ವರ್ಷ ಅದಕ್ಕೆ ಬೈದಿದ್ದೆ. ಈಗ ಬಚ್ಚಲುಮನೆಯ ಕಡೆ ಕಿವಿಗೊಟ್ಟು ಕೂರುತ್ತಿದ್ದೆ. ಮಗಳು ಹೋದಾಗ ಅಳಲು ಅವರ ಹೆಗಲಿತ್ತು. ಅವರೇ ಹೋದಾಗ ಯಾರ ಹೆಗಲು?

ಶಿಕ್ಷೆಯಾಗಿ ಎಂಟು ತಿಂಗಳಾದ ಮೇಲೆ ವಕೀಲ ಪದ್ಮರಾಜಯ್ಯನವರು ಹೇಳಿ ಕಳಿಸಿದರು. ಅವರ ಮೇಜಿನ ಮೇಲೆ ಕಾನೂನು ಪುಸ್ತಕಕ್ಕಿಂತ ಕಡಲೆಕಾಯಿ ಸಿಪ್ಪೆ ಜಾಸ್ತಿ, ಆದರೆ ಮನುಷ್ಯ ಬುದ್ಧಿವಂತ. "ಗೌರಮ್ಮೋರೆ, ಒಂದು ದಾರಿ ಕಾಣ್ತಾ ಇದೆ," ಅಂದರು. "ಜೈಲಿಗೆ ಬರೋ ಮನಸ್ಸಿನ ಡಾಕ್ಟರು ಯಜಮಾನ್ರನ್ನ ಪರೀಕ್ಷೆ ಮಾಡಿದಾರೆ. ಬಿಸಿನೀರಿನ ಲೋಟ, ತಣ್ಣೀರಿನ ಲೋಟ ಕೊಟ್ರೆ ಸರಿಯಾಗಿ ಹೇಳ್ತಾರೆ. ಮಣೆ ಕೊಟ್ರೆ ಮಾತ್ರ ಎಲ್ಲಾನೂ ಬಿಸಿ ಅಂತಾರೆ. ಬೇಕಂತ ಅಲ್ಲ, ಅವರಿಗೆ ಹಾಗೇ ಅನ್ಸುತ್ತೆ. ಅದೊಂದು ಕಾಯಿಲೆ ಅಂತೆ. ಮೋಸ ಮಾಡೋನಿಗೆ ತಾನು ಮೋಸ ಮಾಡ್ತಿದೀನಿ ಅಂತ ಗೊತ್ತಿರಬೇಕಲ್ವಾ? ಇವರಿಗೆ ಗೊತ್ತೇ ಇಲ್ಲ. ಮೇಲ್ಮನವಿ ಹಾಕೋಣ. ಗೆದ್ರೆ ಜೈಲಿಲ್ಲ, ಮನೇಲಿಟ್ಟುಕೊಂಡು ಔಷಧಿ ಕೊಡಿಸೋದು."

"ಅಯ್ಯೋ ಹಾಕಿ ಸ್ವಾಮಿ, ಅದಕ್ಕೂ ಕೇಳ್ಬೇಕಾ?" ಅಂದೆ.

"ಹೆಂಡತಿ ಅಂತ ನೀವೂ ಬರೆದುಕೊಡ್ಬೇಕು. ನನ್ನ ಗಂಡನಿಗೆ ಮನಸ್ಸು ಸ್ವಾಧೀನದಲ್ಲಿಲ್ಲ, ಮಣೆ ಬಿಸಿ ಇದೆಯೋ ತಣ್ಣಗಿದೆಯೋ ಅವರ ಕೈಗೆ ತಿಳಿಯೋದಿಲ್ಲ, ಬಹಳ ವರ್ಷದಿಂದ್ಲೂ ಹೀಗೇ, ಅಂತ."

ಲೇಖನಿ ಕೈಗೆ ತೆಗೆದುಕೊಂಡವಳು ಹಾಗೇ ಕೂತುಬಿಟ್ಟೆ. ಇವರ ಕೈಗೆ ಏನೂ ತಿಳಿಯುವುದಿಲ್ಲ ಅಂದಮೇಲೆ ನಮ್ಮ ವೇಣಿಯ ಮಣೆ? ಒಂಬತ್ತು ವರ್ಷದ ಒಂಬತ್ತು 'ಬಿಸಿ ಇದೆ'? ಇವರು ಬರೀ ಸುಳ್ಳುಗಾರರಾಗಿದ್ದರೆ ಊರಿಗೆ ಸುಳ್ಳು ಹೇಳಿದ್ದಾರು, ನನಗೆ ನಿಜ ಹೇಳಿದ್ದಾರು ಅಂತ ನಂಬಿಕೊಂಡಿರಬಹುದು. ತಲೆ ಸರಿಯಿಲ್ಲದವರಾದರೆ ಆ ಮಾತಿಗೆ ಬೆಲೆ ಏನು? ಗಂಡ ಮನೆಗೆ ಬರಬೇಕಾದರೆ ಮಗಳು ಬದುಕಿದ್ದಾಳೆ ಅನ್ನುವ ಧೈರ್ಯವನ್ನು ನಾನು ಆ ಮೇಜಿನ ಮೇಲೆ ಇಟ್ಟು ಎದ್ದು ಬರಬೇಕಿತ್ತು. "ನಾಳೆ ಬರ್ತೀನಿ ಸ್ವಾಮಿ" ಅಂತ ಹೇಳಿ ಹೊರಟೆ.

ಆ ನಾಳೆ ಮೂರು ವಾರ ಆಯಿತು. ಆ ನಡುವೆ ಅಂಕಮ್ಮ ದಾರಿಯಲ್ಲಿ ಸಿಕ್ಕಳು. ಹನ್ನೊಂದು ಮನೆಗಳಲ್ಲಿ ಅವಳದೂ ಒಂದು. ಅವಳ ಗಂಡ ದೋಣಿ ಹತ್ತಿದಾಗ ಅವಳಿಗೆ ಇಪ್ಪತ್ತಾರು. ಏಳು ವರ್ಷ ಪ್ರತಿದಿನ ತಲೆ ಬಾಚಿ, ಹೂ ಮುಡಿದು, ಅವನ ತಟ್ಟೆಗೆ ಒಂದು ಹಿಡಿ ಅನ್ನ ಹಾಕಿಟ್ಟು ಆಮೇಲೆ ಉಣ್ಣುತ್ತಿದ್ದವಳು. ಹೂವಿನಂಗಡಿಯ ಮುಂದೆ ನನ್ನನ್ನು ನೋಡಿ ಹಾಗೇ ನಿಂತಳು. ಬರಿ ತಲೆ.

"ಮೇಲ್ಮನವಿ ಹಾಕ್ತೀಯಂತೆ, ಗೌರಕ್ಕ," ಅಂದಳು.

"ಇನ್ನೂ ಇಲ್ಲ ಕಣಮ್ಮ."

"ಹಾಕು, ಹಾಕು. ನಿನ್ನ ಗಂಡ ನಿನಗೆ ಬೇಕು. ನನ್ನ ಗಂಡ ನನಗೂ ಬೇಕಾಗಿದ್ದ." "ಸತ್ತದ್ದಕ್ಕಲ್ಲ ಅಕ್ಕ ನನ್ನ ಸಂಕಟ. ಯಾವತ್ತು ಸತ್ತ ಅಂತ ಗೊತ್ತಿಲ್ಲವಲ್ಲ. ಮೊದಲನೇ ವರ್ಷವೋ, ಹೋದ ವರ್ಷವೋ? ಯಾವ ತಿಥಿಗೆ ಎಡೆ ಇಡಲಿ, ಹೇಳು? ನಿನ್ನ ಯಜಮಾನ್ರನ್ನ ಕೇಳಿಕೊಂಡು ಬಂದು ಹೇಳು."

ಅವಳು ಎರಡು ಹೆಜ್ಜೆ ಹೋದವಳು ತಿರುಗಿ, "ನಿಮ್ಮ ವೇಣಿದು ಯಾರು ನೋಡಿದ್ದು?" ಅಂದಳು. ಬೈಯಲು ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಅದಕ್ಕೇ ಆ ಮಾತು ಚೇಳಿನ ಕೊಂಡಿಯ ಹಾಗೆ ನೆಟ್ಟುಕೊಂಡಿತು. ಇವರು ಜೈಲಿಗೆ ಹೋದ ಮೇಲೆ ವಸುಮತಿ ಎರಡು ಸಲ ಬಂದು "ನಿಮ್ಮ ಮನೇದೊಂದು ಬಾಕಿ ಇದೆ" ಅಂದಿದ್ದಳು. ಎರಡು ಸಲವೂ ಏನೋ ನೆವ ಹೇಳಿ ಬಾಗಿಲು ಹಾಕಿಕೊಂಡಿದ್ದೆ.

ಮಾರನೆಯ ದಿನವೇ ಜೈಲಿಗೆ ಹೋದೆ. ಇವರು ಜಾಲರಿಯ ಆಚೆ ಬಂದು ಕೂತರು. ಮಣಿಕಟ್ಟು ಎಷ್ಟು ಸಣ್ಣಗಾಗಿತ್ತೆಂದರೆ ಕೈದಿಯ ಅಂಗಿಯ ತೋಳಿನೊಳಗೆ ಇನ್ನೊಂದು ಕೈ ಹಿಡಿಸುತ್ತಿತ್ತು. "ಏನು ಅಡಿಗೆ ಮಾಡಿದ್ದೆ?" ಅಂದರು. ಪ್ರತಿ ಸಲವೂ ಮೊದಲು ಅದೇ ಪ್ರಶ್ನೆ.

"ಸೊಪ್ಪಿನ ಸಾರು. ಅದಿರಲಿ, ನಂದೊಂದು ಮಾತಿಗೆ ನಿಜ ಹೇಳಿ. ನಮ್ಮ ವೇಣಿದು ನಿಜವಾಗ್ಲೂ ಬಿಸಿ ಇತ್ತಾ?"

ಅವರು ತಮ್ಮ ಅಂಗೈ ನೋಡಿಕೊಂಡರು. "ಇತ್ತು ಕಣೆ. ನಿನ್ನ ಹತ್ರ ಸುಳ್ಳು ಹೇಳ್ತೀನಾ?"

"ಸುಳ್ಳು ಹೇಳಿದೀರಿ ಅಂತಾನೇ ಅಲ್ವೇನ್ರೀ ಇಲ್ಲಿ ಕೂರಿಸಿರೋದು!"

ಇಬ್ಬರಿಗೂ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಅವರು ನಕ್ಕದ್ದು. ನಗುತ್ತಾ ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು, ಅಂಗಿಯ ತೋಳಿನಿಂದ ಒರೆಸಿಕೊಂಡರು. "ಎಷ್ಟು ಖಾರ ಹಾಕಿದ್ದೆ ಸಾರಿಗೆ?" ಅಂತ ಕೇಳಿದರು. ನಾನು ಅಲ್ಲಿಂದ ನೇರ ಪದ್ಮರಾಜಯ್ಯನವರ ಆಫೀಸಿಗೆ ಹೋಗಿ ಕೊಟ್ಟ ಕಡೆಯೆಲ್ಲ ರುಜು ಹಾಕಿದೆ. ಈ ಮನುಷ್ಯ ನನ್ನ ಮನೆಯಲ್ಲಿ, ನನ್ನ ಕಣ್ಣ ಮುಂದೆ ಕೂತು ಸಾರು ಕಲಸಿ ಉಣ್ಣಬೇಕು. ನನಗೆ ಅಷ್ಟು ಸಾಕಾಗಿತ್ತು.

ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? ಸರ್ಕಾರಿ ವಕೀಲರು ನಮ್ಮ ಅರ್ಜಿ ಓದಿ ಹೊಸದೊಂದು ತೆಗೆದರು. ಕೆಳಪೇಟೆಯ ಅಮೀನರ ಲೆಕ್ಕದಲ್ಲಿ ಈತನ ಮನೆಯ ಚೀಟಿಯೇ ಇಲ್ಲ, ಈತ ಕಾನೂನು ಮೀರಿ ತನ್ನ ಮನೆಯ ಮಣೆಯನ್ನೂ ತಾನೇ ನೋಡಿದ್ದಾನೆ, ಅದನ್ನೂ ತರಿಸಬೇಕು, ಎಲ್ಲರ ಎದುರಿಗೆ ಮಣೆಗಳನ್ನಿಟ್ಟು ಈತನ ಕೈಯಿಂದ ಮುಟ್ಟಿಸಬೇಕು, ಕಾಯಿಲೆಯೋ ನಾಟಕವೋ ಗೊತ್ತಾಗಲಿ ಅಂದರು. ನ್ಯಾಯಾಧೀಶರು ಒಪ್ಪಿದರು.

ಪದ್ಮರಾಜಯ್ಯನವರಿಗೆ ಇದರಿಂದ ಏನೂ ಬೇಸರವಾಗಲಿಲ್ಲ. "ಒಳ್ಳೇದೇ ಆಯ್ತು," ಅಂದರು, ಕಡಲೆಕಾಯಿ ಬಿಡಿಸುತ್ತಾ. "ಎಲ್ಲಾನೂ ಬಿಸಿ ಅಂತಾರೆ, ಗೆದ್ದ ಹಾಗೇ. ಅದರಲ್ಲೂ ಮನೆ ಮಗಳ ಮಣೆ ತಣ್ಣಗಿದ್ದು, ಅದನ್ನೂ ಅವರು ಬಿಸಿ ಅಂದ್ರೆ..." ಅಷ್ಟಕ್ಕೆ ನಾಲಿಗೆ ಕಚ್ಚಿಕೊಂಡರು. ಕೈಯಲ್ಲಿದ್ದ ಕಾಳನ್ನು ಬಾಯಿಗೆ ಹಾಕಿಕೊಳ್ಳದೆ ಮೇಜಿನ ಮೇಲಿಟ್ಟರು. "ತಪ್ಪು ತಿಳೀಬೇಡಿ ಗೌರಮ್ಮೋರೆ" ಅಂದರು. ನಾನು ತಪ್ಪೇನೂ ತಿಳಿಯಲಿಲ್ಲ. ನನ್ನ ಮಗಳು ಸತ್ತಿದ್ದರೆ ನನ್ನ ಕೇಸಿಗೆ ಒಳ್ಳೆಯದು ಅಂತ ತಿಳಿದುಕೊಂಡೆ. ಆ ವಾರವೆಲ್ಲ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದು, ಏನು ಕೇಳಬೇಕೆಂದು ಗೊತ್ತಾಗದೆ ಹಾಗೇ ಎದ್ದು ಬರುತ್ತಿದ್ದೆ.

ಕೋರ್ಟಿನ ದಿನ ಬೆಳಿಗ್ಗೆ ವಸುಮತಿಯೇ ಬಂದು, ಒಳಕೋಣೆಗೆ ಹೋಗಿ, ಮಣೆಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ನಾನು ಅವಳ ಮುಖವನ್ನೇ ನೋಡಿದೆ. ಆ ಮುಖದಲ್ಲಿ ಏನಾದರೂ ಓದಲು ಸಾಧ್ಯವಿದ್ದರೆ ತಾನೆ! "ಹೇಳೋ ಹಾಗಿಲ್ಲಮ್ಮ, ಲಕೋಟೇಲಿ ಬರೆದು ಕೊಡ್ಬೇಕು" ಅಂದಳು, ನಾನು ಕೇಳುವ ಮೊದಲೇ.

ಕೋರ್ಟಿನ ಹಾಲಿನ ನಡುವೆ ಜಮಖಾನ ಹಾಸಿ ಏಳು ಮಣೆ ಸಾಲಾಗಿ ಇಟ್ಟಿದ್ದರು; ತಣ್ಣಗಿದ್ದವನ್ನು ಕೇಸಿಗೆ ಬೇಕು ಅಂತ ನೀರಿಗೆ ಬಿಡಗೊಡದೆ ತಡೆದಿಟ್ಟಿದ್ದರು. ಯಾವುದು ಬಿಸಿ, ಯಾವುದು ತಣ್ಣಗೆ ಅಂತ ವಸುಮತಿ ನೋಡಿ ಬರೆದ ಕಾಗದ ಅರಗು ಹಾಕಿದ ಲಕೋಟೆಯಲ್ಲಿ ನ್ಯಾಯಾಧೀಶರ ಮುಂದಿತ್ತು. ನಮ್ಮ ಮಣೆ ಕೊನೆಯದು, ಇಸ್ತ್ರಿ ಗುರುತು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಹನ್ನೊಂದು ಮನೆಯವರೂ ಬಂದಿದ್ದರು. ಅಂಕಮ್ಮ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು.

ಇವರನ್ನು ಕರೆದುಕೊಂಡು ಬಂದರು. ಇವರು ಜಮಖಾನದ ಮೇಲೆ ಮಂಡಿಯೂರಿ, ಹಳೆಯ ಅಭ್ಯಾಸದ ಹಾಗೆ ಮೊದಲು ಎರಡೂ ಅಂಗೈ ಉಜ್ಜಿಕೊಂಡು, ಒಂದನೆಯ ಮಣೆಯ ಮೇಲೆ ಬಲಗೈ ಇಟ್ಟರು. "ಬಿಸಿ ಇದೆ ಸ್ವಾಮಿ." ಎರಡನೆಯದು, "ಬಿಸಿ ಇದೆ." ಮೂರನೆಯದಕ್ಕೆ ಗೆದ್ದಲು ಹತ್ತಿ ಅಂಚು ಉದುರುತ್ತಿತ್ತು. ಅದರ ಮೇಲೂ ಪ್ರೀತಿಯಿಂದ ಕೈಯಿಟ್ಟು "ಚೆನ್ನಾಗಿ ಬಿಸಿ ಇದೆ" ಅಂದರು. ಹಿಂದೆ ಯಾರೋ ಬಿಕ್ಕಿದರು. ನಾಲ್ಕು, ಐದು, ಆರು, ಎಲ್ಲವೂ ಬಿಸಿ. ಪದ್ಮರಾಜಯ್ಯನವರು ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು.

ಏಳನೆಯ ಮಣೆಯ ಮುಂದೆ ಇವರು ಹಾಗೇ ಕೂತುಬಿಟ್ಟರು. ಕಪ್ಪು ಗುರುತಿನ ಮೇಲೆ ಕಣ್ಣು ನೆಟ್ಟಿತ್ತು. ಕೈ ಮುಂದೆ ಬಂತು, ಹಿಂದೆ ಹೋಯಿತು. "ಮುಟ್ಟಿ" ಅಂದರು ನ್ಯಾಯಾಧೀಶರು. ಇವರು ಮುಟ್ಟಿದರು, ಕೆಂಡ ಮುಟ್ಟಿದವರ ಹಾಗೆ ಥಟ್ಟನೆ ಕೈ ಎಳೆದುಕೊಂಡರು.

"ತಣ್ಣಗಿದೆ ಸ್ವಾಮಿ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮೊದಲನೇ ವರ್ಷದಿಂದ್ಲೂ ತಣ್ಣಗೇ ಇದೆ ಕಣೆ ಗೌರಿ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ. ಬಾಗಿಲು ತೆಗೆದ್ರೆ ನೀನು ಹಾಗೆ ಮುಖ ಮಾಡ್ಕೊಂಡು ನಿಂತಿದ್ದೆ. ಬೇರೆ ಅಮೀನರನ್ನ ಒಳಗೆ ಬಿಟ್ರೆ ಹೇಳಿಬಿಡ್ತಾರಲ್ಲ ಅಂತ ವರ್ಷವರ್ಷವೂ ನಾನೇ ನೋಡ್ದೆ."

ಒಂಬತ್ತು ವರ್ಷ! ಮಗಳು ಸತ್ತಳೆಂದು ತಿಳಿದೂ ನನ್ನ ಎದುರಿಗೆ ಕೂತು ಆ ಒಬ್ಬಟ್ಟುಗಳನ್ನು ಹೇಗೆ ನುಂಗಿದರು ಈ ಮನುಷ್ಯ? ಅಳು ಬರಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದವಳ ಬೆನ್ನು ಕಣ್ಣಿಗೆ ಕಟ್ಟಿತು, ಅಷ್ಟೇ.

ಸರ್ಕಾರಿ ವಕೀಲರು ಜಿಗಿದು ಎದ್ದರು. "ನೋಡಿ ಸ್ವಾಮಿ! ತಣ್ಣಗಿರೋದು ಇವರಿಗೆ ಚೆನ್ನಾಗಿ ಗೊತ್ತಾಗುತ್ತೆ. ಹೆಂಡತಿಗೆ ಸುಳ್ಳು ಹೇಳಿದೆ ಅಂತ ತಾವೇ ಒಪ್ಪಿಕೊಂಡ್ರು. ಇದು ಯಾವ ಕಾಯಿಲೆ?" ಪದ್ಮರಾಜಯ್ಯನವರ ಮುಖ ಕಪ್ಪಿಟ್ಟಿತು. ಮಗಳೂ ಹೋದಳು, ಗಂಡನೂ ಹೋದರು, ಒಂದೇ ಮಾತಿನಲ್ಲಿ.

ನ್ಯಾಯಾಧೀಶರು ಲಕೋಟೆ ಒಡೆದು ಕಾಗದ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ವಸುಮತಿಯನ್ನು ಕರೆದರು.

"ಇದು ನೀವೇ ನೋಡಿ ಬರೆದಿದ್ದಾ?"

"ಹೌದು ಸ್ವಾಮಿ."

"ಎರಡನೆಯದು, ಐದನೆಯದು ಬಿಸಿ. ಒಂದು, ಮೂರು, ನಾಲ್ಕು, ಆರು ತಣ್ಣಗೆ. ಏಳನೆಯದು?"

"ಬಿಸಿ ಸ್ವಾಮಿ."

ಸರ್ಕಾರಿ ವಕೀಲರು ಸಾವರಿಸಿಕೊಂಡು "ಎಲ್ಲೋ ತಪ್ಪಾಗಿರಬೇಕು, ಇನ್ನೊಬ್ಬರು ನೋಡಲಿ" ಅಂದರು. ಅಮೀನರಲ್ಲದಿದ್ದರೂ ಅಡ್ಡಿಯಿಲ್ಲ, ಆ ಮನೆಯವರಲ್ಲದ ಯಾರಾದರೂ ಆಗಬಹುದು ಅಂದರು ನ್ಯಾಯಾಧೀಶರು. ಯಾರೂ ಏಳಲಿಲ್ಲ. ಹಿಂದಿನಿಂದ ಬೆಂಚು ಸರಿದ ಸದ್ದಾಯಿತು. ಅಂಕಮ್ಮ ಎದ್ದು ಬರುತ್ತಿದ್ದಳು.

ಇವಳು ನಮಗೆ ಒಳ್ಳೆಯದು ಬಯಸಬೇಕಾದ ಋಣ ಯಾವುದಿತ್ತು? ಅವಳು ಯಾರನ್ನೂ ನೋಡದೆ ಬಂದು ಮಣೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಅಂಗೈ ಇಟ್ಟಳು. ಇಟ್ಟವಳು ತೆಗೆಯಲೇ ಇಲ್ಲ. ಪಾಪ, ಬಿಸಿ ಮಣೆ ಹೇಗಿರುತ್ತದೆ ಅಂತ ಅವಳಿಗೆ ಹೇಗೆ ಗೊತ್ತಿರಬೇಕು? ತನ್ನ ಮನೆಯದನ್ನು ಮುಟ್ಟುವ ಹಾಗಿರಲಿಲ್ಲ, ಬೇರೆಯವರ ಮನೆಯದನ್ನು ಮುಟ್ಟುವ ಕೆಲಸವಿರಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟಳು. ಕಣ್ಣಿಂದ ನೀರು ಮಣೆಯ ಮೇಲೇ ಬಿತ್ತು.

"ಬಿಸಿ ಇದೆ," ಅಂದಳು. "ಈಗ ತಾನೆ ಎದ್ದು ಹೋದ ಹಾಗಿದೆ, ಗೌರಕ್ಕ. ನಿನ್ನ ಮಗಳು ಚೆನ್ನಾಗಿದಾಳೆ."

ಆಗ ನನಗೆ ಅಳು ಬಂತು. ಎಂಥ ಅಳು ಅಂದರೆ ಪೊಲೀಸಿನವಳು ನೀರು ತಂದುಕೊಟ್ಟಳು.

ವಸುಮತಿ ಅಲ್ಲೇ ನಿಂತಿದ್ದವಳು "ಅದಕ್ಕೇ ತಾನೆ ಸ್ವಾಮಿ, ಮನೆಯವರ ಕೈ ಬೇಡ ಅನ್ನೋದು" ಅಂದಳು. "ನಮಗೆ ಕೆಲಸ ಕಲಿಸುವಾಗ ಬರೀ ಕಾನೂನು ಅಂತ ಹೇಳಿದ್ರು. ಸ್ವಂತ ಮನೆಯವರ ಕೈಗೆ ಅದು ಬಿಸಿ ಇದ್ರೂ ತಣ್ಣಗೇ ಇರುತ್ತೆ ಅಂತ ಕಾಣುತ್ತೆ."

ನ್ಯಾಯಾಧೀಶರು ಇವರನ್ನು ಕೇಳಿದರು, "ಬೋರಲಿಂಗಯ್ಯನವರೇ, ಬೇರೆ ಮಣೆಗಳು ಬಿಸಿ ಅಂದಿದ್ದು ಯಾಕೆ?" ಇವರಿಗೆ ಇನ್ನೂ ಏನಾಯಿತು ಅಂತ ತಲೆಗೆ ಹೋಗಿರಲಿಲ್ಲ. ಮಣೆಯನ್ನೂ ಅಂಕಮ್ಮನ ಕೈಯನ್ನೂ ಪೆದ್ದುಪೆದ್ದಾಗಿ ನೋಡುತ್ತಿದ್ದರು. "ಬಿಸಿ ಇದ್ದವಲ್ಲ ಸ್ವಾಮಿ," ಅಂದರು. "ನಮ್ಮ ಮನೇದು ತಣ್ಣಗಾದ ಮೇಲೆ ಯಾರ ಮನೇಗೆ ಹೋದ್ರೂ ಬಿಸಿಯೇ. ಊರಲ್ಲಿ ಎಲ್ಲರ ಮಕ್ಕಳೂ ಬದುಕಿದಾರೆ, ನಂದೊಂದೇ ಇಲ್ಲ ಅಂದ್ಕೊಂಡಿದ್ದೆ. ಅವರ ಮಣೆ ಮುಟ್ಟಿದ್ರೆ ಕೈಗೆ ಹಿತ ಆಗ್ತಿತ್ತು."

ಊರವರಿಗೆ ಬೇಕಂತ ಮೋಸ ಮಾಡಿಲ್ಲ ಅಂತ ಶಿಕ್ಷೆ ರದ್ದಾಯಿತು. ಮನೆಯಲ್ಲಿಟ್ಟುಕೊಂಡು ಔಷಧಿ ಕೊಡಿಸಬೇಕು, ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಇನ್ನು ಯಾವತ್ತೂ ಯಾರ ಮನೆಯ ಮಣೆಯನ್ನೂ ಇವರು ಮುಟ್ಟಕೂಡದು ಅಂತ ಬರೆದರು. ಮೆಟ್ಟಿಲಿಳಿಯುವಾಗ ಅಂಕಮ್ಮ ಇವರನ್ನು ತಡೆದಳು. "ಅಮೀನರೇ, ನಮ್ಮ ಮನೇದೂ ಹೀಗೇ ಬಿಸಿ ಅನ್ನಿಸಿತ್ತಾ ನಿಮ್ಗೆ?" ಅಂತ ಕೇಳಿದಳು.

"ಇದಕ್ಕಿಂತ ಜಾಸ್ತಿ ಅನ್ನಿಸ್ತಿತ್ತಮ್ಮ," ಅಂದರು ಇವರು.

ಅವಳು ತಲೆಯಾಡಿಸಿ ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ಕ್ಷಮಿಸಿದಳೋ ಇಲ್ಲವೋ ನಾನು ಹೇಳಲಾರೆ. ಈಗಲೂ ಹೂವಿನಂಗಡಿಯ ಮುಂದೆ ಸಿಗುತ್ತಾಳೆ, ವೇಣಿಯ ವಿಷಯ ಕೇಳುತ್ತಾಳೆ, ಇವರ ವಿಷಯ ಕೇಳುವುದಿಲ್ಲ.

ಮಣೆಯನ್ನು ವಸುಮತಿಯೇ ತಂದು ಒಳಕೋಣೆಯಲ್ಲಿಟ್ಟು, ಬಾಗಿಲಿಗೆ ಚೀಟಿ ಅಂಟಿಸಿ ಹೋದಳು. ನಾನು ಮಜ್ಜಿಗೆ ಕೊಟ್ಟೆ, ಕುಡಿಯಲಿಲ್ಲ. ಇವರು ಬಚ್ಚಲಲ್ಲಿ ಮತ್ತೆ ತಲೆಬುಡವಿಲ್ಲದ ರಾಗ ಎಳೆಯತೊಡಗಿದ್ದಾರೆ, ನಾನು ಬೈಯುವುದಿಲ್ಲ. ಡಾಕ್ಟರ ಮಾತ್ರೆ ನುಂಗುತ್ತಾರೆ, ಸೊಪ್ಪಿನ ಸಾರು ಕಲಸಿ ಉಣ್ಣುತ್ತಾರೆ. ಆದರೆ ಊಟವಾಗಿ ಕೈ ತೊಳೆದ ಮೇಲೆ ಒಳಕೋಣೆಯ ಹೊಸಲಿನ ಹೊರಗೆ ಬಂದು ನಿಲ್ಲುತ್ತಾರೆ. ಚೀಟಿ ಓದುತ್ತಾರೆ. ಓದಿದ್ದನ್ನು ಅವರ ಅಂಗೈ ಒಪ್ಪುವುದಿಲ್ಲ. ಒಂಬತ್ತು ವರ್ಷ ತಣ್ಣಗಿದ್ದದ್ದು ಒಂದು ಚೀಟಿಗೆ ಬಿಸಿಯಾಗುತ್ತದೆಯೇ?

ಹೋದ ವಾರ ನಾನು ಒಳಗೆ ಕಸ ಗುಡಿಸುತ್ತಿದ್ದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಮಣೆಯ ಮೇಲೆ ಬಿದ್ದಿತ್ತು, ಇಸ್ತ್ರಿ ಗುರುತು ಹೊಳೆಯುತ್ತಿತ್ತು. ಇವರು ಹೊಸಲಿನ ಆಚೆ ನಿಂತಿದ್ದರು. "ನೀನಾದ್ರೂ ಒಂದ್ಸಲ ನೋಡೆ, ಗೌರಿ," ಅಂದರು. "ನನ್ನ ಕೈ ಕೆಟ್ಟದ್ದು. ನಿನ್ನ ಕೈಗೆ ಗೊತ್ತಾದ್ರೂ ಆಗಬಹುದು."

ಮುಟ್ಟಬಾರದು ಅಂತ ಗೊತ್ತಿತ್ತು. ಯಾಕೆ ಮುಟ್ಟಬಾರದು ಅಂತಲೂ ಈಗ ಗೊತ್ತಿತ್ತು. ಆದರೂ ಹತ್ತು ವರ್ಷದಿಂದ ಕಾದ ಕೈ ಅದು, ನನ್ನ ಮಾತು ಕೇಳಲಿಲ್ಲ. ಪೊರಕೆ ಬಿಟ್ಟು ಮಂಡಿಯೂರಿ, ಅವಳು ಕೂತಿದ್ದ ಜಾಗದಲ್ಲಿ ಅಂಗೈ ಇಟ್ಟೆ. ಬಿಸಿಲು ಬಿದ್ದಿದ್ದರೂ ಬೆಳಗಿನ ಜಾವದ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗೆ ಕೊರೆಯುತ್ತಿತ್ತು. ಆ ಥಂಡಿ ಅಂಗೈಯಿಂದ ಹತ್ತಿ ಮೊಣಕೈ ತನಕ ಬಂತು. ವಸುಮತಿಯ ಚೀಟಿ, ಅಂಕಮ್ಮನ ಕಣ್ಣೀರು, ಎಲ್ಲ ನೆನಪಿದ್ದೂ ಮಗಳು ಇಲ್ಲ ಅಂತಲೇ ನನ್ನ ಕೈ ಹೇಳಿತು. ಇದನ್ನು ಮುಟ್ಟಿ, ಬಾಗಿಲು ತೆಗೆದು, ನನ್ನ ಮುಖ ನೋಡಿ ಇವರು ಹೇಗೆ ಮಾತಾಡಿದರು ಅಂತ ಈಗ ಗೊತ್ತಾಯಿತು.

"ಏನೇ?" ಅಂದರು ಇವರು. ಕುತ್ತಿಗೆ ಮುಂದೆ ಚಾಚಿ, ಉಸಿರು ಹಿಡಿದು, ಹೊಸಲಿನ ಮೇಲೆ ನಿಂತಿದ್ದರು.

ಎದ್ದು ನಿಂತು, ಸೆರಗಿಗೆ ಅಂಗೈ ಒರೆಸಿಕೊಂಡೆ.

"ಬಿಸಿ ಇದೆ ಕಣ್ರೀ," ಅಂದೆ. ಅಡಿಗೆಮನೆಗೆ ಹೋಗಿ ಒಲೆಯ ಮೇಲೆ ಒಬ್ಬಟ್ಟಿಗೆ ಬೇಳೆ ಹಾಕಿದೆ.